ಯುಎಸ್ ಆರ್ಮಿ, ಬಲಗೈಯ ಎರಡು ಬೆರಳು ಹೋಗಿವೆ: ವಿಎ ರೇಟಿಂಗ್ ಎಷ್ಟು ಬರಬೇಕು?

ಹಾಸನದಕ್ಕ, ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಅಂಗವೈಕಲ್ಯ ಕ್ಲೇಮಿನ ಒಳಹೊರಗು ಗೊತ್ತಿರುವವರು ದಯವಿಟ್ಟು ನೋಡಿ.

ನನ್ನ ತಮ್ಮ ಗ್ರೀನ್ ಕಾರ್ಡ್ ಮೇಲೆ ಯುಎಸ್ ಆರ್ಮಿ ಸೇರಿ ಅಲ್ಲೇ ಸಿಟಿಜನ್ ಆದವನು. ವಾಹನ ರಿಪೇರಿ ವಿಭಾಗದಲ್ಲಿದ್ದ. ಡ್ಯೂಟಿ ಮೇಲಿದ್ದಾಗಲೇ ಬಲಗೈ ಯಂತ್ರಕ್ಕೆ ಸಿಕ್ಕಿತು. ತೋರುಬೆರಳು ಬುಡದ ಮೂಳೆಯಲ್ಲಿ ತುಂಡಾಗಿದೆ, ನಡುಬೆರಳು ಎರಡನೇ ಮೂಳೆಯಲ್ಲಿ. ಉಂಗುರ ಬೆರಳು ಉಳಿದಿದೆ, ಆದರೆ ಅಂಗೈಗೆ ಮುಟ್ಟುವಷ್ಟು ಮಡಚಲು ಆಗುವುದಿಲ್ಲ. ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ ಇತ್ತು. ಅವಧಿ ಮುಗಿಸಿಯೇ ಬಿಡುಗಡೆಯಾಗಿದ್ದಾನೆ, ಮೆಡಿಕಲ್ ಬೋರ್ಡ್ (ಸೇವೆಗೆ ಅರ್ಹನೇ ಎಂದು ಆರ್ಮಿ ಮಾಡುವ ವೈದ್ಯಕೀಯ ವಿಚಾರಣೆ) ಆಗಿಲ್ಲ. ಬಿಡುಗಡೆಯಾಗಿ ಇನ್ನೂ ವರ್ಷ ತುಂಬಿಲ್ಲ, ಕ್ಲೇಮು ಹಾಕಿಲ್ಲ.

ದುಡ್ಡು ತಗೊಂಡು ಕ್ಲೇಮು ತುಂಬಿಸಿಕೊಡುವ ಒಬ್ಬರು ಹೇಳಿದ ಲೆಕ್ಕ ಹೀಗಿದೆ: ತೋರುಬೆರಳಿಗೆ 20, ನಡುಬೆರಳಿಗೆ 10, ಒಟ್ಟು 30 ಪರ್ಸೆಂಟ್, ಮಂಜೂರಾದ ಮೇಲೆ ಐದು ತಿಂಗಳ ಹಣ ಅವರಿಗೆ. ಈ ಲೆಕ್ಕ ಸರಿಯೇ? ಕ್ಲೇಮು ಹಾಕುವ ಮೊದಲು ಯಾವ ಕಾಗದ ಕೈಯಲ್ಲಿರಬೇಕು?

ಗೆಣ್ಣುಲೆಕ್ಕ

ಅಕ್ಕ, ಆ ಲೆಕ್ಕ ಎರಡು ಕಡೆ ತಪ್ಪಿದೆ. ಫೀಸಿನ ಮಾತು ಮೂರನೆಯ ತಪ್ಪು, ಅದನ್ನು ಬೇರೆಯವರು ಹೇಳುತ್ತಾರೆ.

ಬೆರಳುಗಳ ರೇಟಿಂಗ್ ಇರುವುದು ಫೆಡರಲ್ ನಿಯಮಾವಳಿಯಾದ 38 ಸಿಎಫ್‌ಆರ್ 4.71ಎ ಪಟ್ಟಿಯಲ್ಲಿ. ಒಂದೇ ಬೆರಳು ಹೋಗಿದ್ದರೆ 5152ರಿಂದ 5156ರವರೆಗಿನ ಕೋಡುಗಳು. ಒಂದೇ ಕೈಯಲ್ಲಿ ಎರಡೋ ಹೆಚ್ಚೋ ಹೋಗಿದ್ದರೆ 5126ರಿಂದ 5151. ಎರಡು ಬೆರಳು ಹೋದವರಿಗೆ ಒಂಟಿ ಬೆರಳಿನ ಕೋಡನ್ನೇ ಎರಡು ಸಲ ಹಾಕಿ ಕೂಡಿಸುವುದು ಕ್ರಮವಲ್ಲ, ಆ ಜೋಡಿಗೆಂದೇ ಬೇರೆ ಕೋಡ್ ಇದೆ. ಮೇಲಾಗಿ ಒಂಟಿ ಕೋಡಿನ ಲೆಕ್ಕದಲ್ಲೂ ಅವರು ಎಡವಿದ್ದಾರೆ. ನಡುಬೆರಳಿನ ಕೋಡ್ 5154 ಹತ್ತು ಪರ್ಸೆಂಟ್ ಕೊಡುವುದು ಪಿಐಪಿ ಗೆಣ್ಣಿನಲ್ಲಿ ಅಥವಾ ಅದಕ್ಕಿಂತ ಬುಡದ ಕಡೆ ಕತ್ತರಿಸಿದ್ದರೆ ಮಾತ್ರ. (ಬೆರಳಿನ ಬುಡದ ಮೂಳೆಗೂ ಎರಡನೇ ಮೂಳೆಗೂ ನಡುವಿನ ಗೆಣ್ಣೇ ಪಿಐಪಿ.) ನಿಮ್ಮ ತಮ್ಮನ ನಡುಬೆರಳು ಎರಡನೇ ಮೂಳೆಯಲ್ಲಿ ತುಂಡಾಗಿರುವುದರಿಂದ ಆ ದಾರಿಯಲ್ಲಿ ಅದಕ್ಕೆ ಸೊನ್ನೆ. ಅಂದರೆ ಅವರ ವಿಧಾನದಲ್ಲೇ ಹೋದರೂ ಸಿಗುವುದು 20, ಮೂವತ್ತಲ್ಲ.

ಈಗ ಸರಿಯಾದ ದಾರಿ. ಜೋಡಿ ಕೋಡುಗಳಲ್ಲಿ ಮೊದಲ ಸಂಖ್ಯೆ ರೂಢಿಯ ಕೈಗೆ (ಬರೆಯಲು, ಉಣ್ಣಲು ಬಳಸುವ ಕೈ), ಎರಡನೆಯದು ಇನ್ನೊಂದು ಕೈಗೆ. ಹೆಬ್ಬೆರಳಿನ ಜೊತೆ ಬೇರೆ ಯಾವುದೇ ಒಂದು ಬೆರಳು ಹೋದರೆ 50/40. ತೋರುಬೆರಳಿನ ಜೊತೆ ನಡು, ಉಂಗುರ, ಕಿರುಬೆರಳುಗಳಲ್ಲಿ ಒಂದು ಹೋದರೆ 40/30. ಈ ಕೊನೆಯ ಮೂರರಲ್ಲೇ ಎರಡು ಹೋದರೆ 30/20. ಮೂರು ಬೆರಳಾದರೆ ಹೆಬ್ಬೆರಳು ಸೇರಿದ್ದಲ್ಲಿ 60/50, ಹೆಬ್ಬೆರಳು ಉಳಿದು ತೋರುಬೆರಳು ಸೇರಿದ್ದಲ್ಲಿ 50/40, ಅವೆರಡೂ ಉಳಿದಿದ್ದಲ್ಲಿ 40/30. ನಾಲ್ಕಾದರೆ ಹೆಬ್ಬೆರಳು ಸೇರಿ 70/60, ಹೆಬ್ಬೆರಳು ಉಳಿದರೆ 60/50. ಐದೂ ಹೋದರೂ 70/60.

ತೋರುಬೆರಳು ಮತ್ತು ನಡುಬೆರಳಿನ ಜೋಡಿ ಕೋಡ್ 5146. ರೂಢಿಯ ಕೈಯಾದ್ದರಿಂದ 40.

ಆದರೆ ಪಟ್ಟಿಯ ಕೆಳಗಿರುವ ಟಿಪ್ಪಣಿಗಳನ್ನು ಓದದೆ ಮುಂದೆ ಹೋಗಬೇಡಿ, ಇಡೀ ಲೆಕ್ಕ ತಿರುಗುವುದು ಅಲ್ಲೇ. ಈ ಸಂಖ್ಯೆಗಳು ಪಿಐಪಿ ಗೆಣ್ಣಿನಲ್ಲಿ ಅಥವಾ ಬುಡದ ಮೂಳೆಯಲ್ಲಿ ಕತ್ತರಿಸಿದ ಬೆರಳುಗಳಿಗೆ ಎಂದು ಮೊದಲ ಟಿಪ್ಪಣಿ ಹೇಳುತ್ತದೆ. ಎರಡನೇ ಮೂಳೆಯಲ್ಲಿ ತುಂಡಾಗಿದ್ದರೆ ಅದನ್ನು ಬೆರಳು ಕೆಟ್ಟ ಭಂಗಿಯಲ್ಲಿ ಸೆಟೆದುಕೊಂಡ (ಗೆಣ್ಣು ಬಿಗಿದು ಅಲ್ಲಾಡದ) ಹಾಗೆ ಎಣಿಸಬೇಕು. ತುದಿಗೆಣ್ಣಿನಲ್ಲಿ ಅಥವಾ ತುದಿಮೂಳೆಯಲ್ಲಾದರೆ ಒಳ್ಳೆಯ ಭಂಗಿಯಲ್ಲಿ ಸೆಟೆದ ಹಾಗೆ. ಹೀಗೆ ಮೂರು ದರ್ಜೆ ಆಯಿತು: ಪೂರ್ಣ ಛೇದ, ಕೆಟ್ಟ ಸೆಟೆತ, ಒಳ್ಳೆಯ ಸೆಟೆತ.

ನಿಮ್ಮ ತಮ್ಮನದು ಮಿಶ್ರ ಪ್ರಕರಣ. ತೋರುಬೆರಳು ಮೊದಲ ದರ್ಜೆ, ನಡುಬೆರಳು ಎರಡನೆಯದು. ಇಂಥದ್ದಕ್ಕೆ ಟಿಪ್ಪಣಿ ಇ ಇದೆ: ಬೇರೆ ಬೇರೆ ಮಟ್ಟದಲ್ಲಿ ತುಂಡಾಗಿದ್ದರೆ ಒಟ್ಟು ಸ್ಥಿತಿಯನ್ನು ಹೆಚ್ಚು ಪ್ರತಿನಿಧಿಸುವ ದರ್ಜೆಯನ್ನು ಹಿಡಿಯಬೇಕು, ಬೆರಳುಗಳು ಸಮಸಂಖ್ಯೆಯಲ್ಲಿದ್ದು (ಎರಡು, ನಾಲ್ಕು ಹೀಗೆ) ದರ್ಜೆಗಳು ಅಕ್ಕಪಕ್ಕದವಾಗಿದ್ದರೆ ಮೇಲಿನದನ್ನೇ ಆರಿಸಬೇಕು. ಎರಡು ಬೆರಳು, ಅಕ್ಕಪಕ್ಕದ ದರ್ಜೆ. ಆದ್ದರಿಂದ 5146, 40 ಪರ್ಸೆಂಟ್. ಈ ಟಿಪ್ಪಣಿ ನೋಡದವರು ಎರಡು ಬೆರಳಿನ ಕೆಟ್ಟ ಸೆಟೆತದ ಕೋಡ್ 5219ಕ್ಕೆ ಇಳಿಸುತ್ತಾರೆ, ಅಲ್ಲಿ ಇದೇ ಜೋಡಿಗೆ 30/20. ನಡುಬೆರಳು ತುದಿಗೆಣ್ಣಿನಲ್ಲಷ್ಟೇ ಹೋಗಿದ್ದರೆ ದರ್ಜೆಗಳ ನಡುವೆ ಒಂದು ಮೆಟ್ಟಿಲು ತಪ್ಪುತ್ತಿತ್ತು, ಆಗ ಈ ನಿಯಮ ನೇರವಾಗಿ ಹೊಂದುತ್ತಿರಲಿಲ್ಲ. ಅದಕ್ಕೇ ಮಟ್ಟ ಎಲ್ಲಿ ಎನ್ನುವ ದಾಖಲೆ ಇಷ್ಟು ಮುಖ್ಯ.

ಹಣದ ಲೆಕ್ಕ: 2024ರ ಡಿಸೆಂಬರ್ 1ರಿಂದ ಒಂದು ವರ್ಷ ಜಾರಿಯಲ್ಲಿದ್ದ ದರದಲ್ಲಿ, ಅವಲಂಬಿತರಿಲ್ಲದ ಒಬ್ಬರಿಗೆ ತಿಂಗಳಿಗೆ 20ಕ್ಕೆ 346.95 ಡಾಲರ್, 30ಕ್ಕೆ 537.42, 40ಕ್ಕೆ 774.16. ಇಪ್ಪತ್ತಕ್ಕೂ ನಲವತ್ತಕ್ಕೂ ತಿಂಗಳಿಗೆ 427 ಡಾಲರ್ ಅಂತರ, ಅದೂ ಜೀವನಪೂರ್ತಿ. ದರ ಪ್ರತಿ ಡಿಸೆಂಬರ್‌ನಲ್ಲಿ ಬೆಲೆ ಏರಿಕೆಗೆ ತಕ್ಕಂತೆ ಬದಲಾಗುತ್ತದೆ. 30 ಅಥವಾ ಹೆಚ್ಚಿದ್ದರೆ ಹೆಂಡತಿ, ಮಕ್ಕಳ ಹೆಸರಲ್ಲಿ ಹೆಚ್ಚುವರಿ ಸೇರುತ್ತದೆ, ಅದಕ್ಕೆ ಫಾರ್ಮ್ 21-686ಸಿ.

ಹಾಸನದಕ್ಕ, ಡಲ್ಲಾಸ್

ತುಂಬಾ ಥ್ಯಾಂಕ್ಸ್ ಸರ್. ಕಾಗದ ತೆಗೆದು ನೋಡಿದೆವು, ಒಂದು ಗೊಂದಲ ಇದೆ. ಎಮರ್ಜೆನ್ಸಿಯ ಮೊದಲ ದಿನದ ಚೀಟಿಯಲ್ಲಿ ಎರಡೂ ಬೆರಳು "ಎರಡನೇ ಮೂಳೆ" ಎಂದಿದೆ. ಆಪರೇಷನ್ ವರದಿಯಲ್ಲಿ ತೋರುಬೆರಳು "ಬುಡದ ಮೂಳೆ" ಎಂದಿದೆ. ಯಾವುದು ಲೆಕ್ಕಕ್ಕೆ? ನಡುಬೆರಳಿನ ಮೋಟಿನ ಹತ್ತಿರ ಗಾಯದ ಕಲೆ ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ ನೋವು ಅಂತಾನೆ, ಅದಕ್ಕೆ ಬೇರೆ ಕೇಳಬಹುದಾ? ಉಂಗುರ ಬೆರಳನ್ನೂ ಸೇರಿಸಿ ಮೂರು ಬೆರಳು ಅಂತ ಹಾಕಿದರೆ 50 ಬರುತ್ತದಲ್ಲವಾ?

ಮಂಡ್ಯದ ನರ್ಸ್

ಆ ಗೊಂದಲ ಎಲ್ಲ ಬೆರಳು ಗಾಯದ ಫೈಲುಗಳಲ್ಲೂ ಇರುತ್ತದೆ ಮೇಡಂ. ಮೊದಲ ದಿನ ಬರೆದದ್ದು ಗಾಯದ ಮಟ್ಟ. ಆಮೇಲೆ ಸರ್ಜನ್ ಮೂಳೆಯ ಚೂಪು ತುದಿಯನ್ನು ಕಡಿದು ಮೋಟು ಮಾಡಿ, ಚರ್ಮ ಎಳೆದು ಮುಚ್ಚುತ್ತಾರೆ. ಮೂಳೆ ಉದ್ದ ಇದ್ದರೆ ಚರ್ಮ ಸಾಲದು, ಬಿಗಿಯಾಗಿ ಹೊಲಿದರೆ ಗಾಯ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಎರಡನೇ ಮೂಳೆಯಲ್ಲಿ ತುಂಡಾದದ್ದು ಆಪರೇಷನ್ ಮುಗಿಯುವ ಹೊತ್ತಿಗೆ ಗೆಣ್ಣು ದಾಟಿ ಬುಡದ ಮೂಳೆಗೆ ಬಂದಿರಬಹುದು. ರೇಟಿಂಗ್‌ಗೆ ಬೇಕಾದ್ದು ಈಗ ಮೂಳೆ ಎಲ್ಲಿ ನಿಂತಿದೆ ಎನ್ನುವುದು.

ಸಾವಿರಾರು ಪುಟದ ಫೈಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಮರ್ಜೆನ್ಸಿ ಚೀಟಿ. ಅದಕ್ಕೇ ಮೂರು ಕಾಗದ ಬೇರೆ ತೆಗೆದು ಮೇಲೆ ಇಡಿ: ಆಪರೇಷನ್ ವರದಿ, ಎರಡನೇ ಆಪರೇಷನ್ ಆಗಿದ್ದರೆ ಅದರದ್ದೂ, ಮತ್ತು ಗಾಯ ಪೂರ್ತಿ ಮಾಗಿದ ಮೇಲೆ ತೆಗೆದ ಎಕ್ಸ್-ರೇಯ ವರದಿ. ಎಕ್ಸ್-ರೇ ಹಳೆಯದೋ ಮಸುಕೋ ಆಗಿದ್ದರೆ ಹೊಸದು ತೆಗೆಸಿ, "ಯಾವ ಮೂಳೆ, ಯಾವ ಗೆಣ್ಣು, ಎಷ್ಟು ಉಳಿದಿದೆ" ಎಂದು ರೇಡಿಯಾಲಜಿಸ್ಟ್ ಬರೆಯುವಂತೆ ಕೇಳಿ. ಬರೀ "ಬೆರಳು ಇಲ್ಲ" ಎಂಬ ವರದಿ ಕೆಲಸಕ್ಕೆ ಬರದು.

ಆ ಆಪರೇಷನ್ ವರದಿಯಲ್ಲಿ ಅಂಗೈ ಮೂಳೆ, ಅಂದರೆ ಮೆಟಾಕಾರ್ಪಲ್, ತೆಗೆದ ಮಾತು ಇದೆಯಾ ನೋಡಿ. ತೋರುಬೆರಳು ಹೋದಾಗ ಮೋಟು ಅಡ್ಡ ಬರುತ್ತದೆ ಎಂದು ಕೆಲವು ಸರ್ಜನ್‌ಗಳು ಅಂಗೈ ಮೂಳೆಯನ್ನೂ ತೆಗೆದು ಕೈಯನ್ನು ಸಪೂರ ಮಾಡುತ್ತಾರೆ. ಅದಕ್ಕೆ ರೇ ಆಂಪ್ಯುಟೇಷನ್ ಎನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಅಂಗೈ ಮೂಳೆ ಹೋಗಿದ್ದರೆ ಬಹುಬೆರಳಿನ ರೇಟಿಂಗ್‌ಗೆ ನೇರವಾಗಿ 10 ಕೂಡಿಸಬೇಕೆಂದು ಟಿಪ್ಪಣಿ ಡಿ ಹೇಳುತ್ತದೆ. ಇಲ್ಲಿ ಕೂಡಿಸುವುದು ಅಂದರೆ ಸಾದಾ ಕೂಡುವುದೇ, ವಿಎಯ ಕಂಬೈನ್ಡ್ ಟೇಬಲ್ ಅಲ್ಲ.

ನೋವಿನ ಬಗ್ಗೆ ಹೇಳಬೇಕೆಂದರೆ, ಕರೆಂಟ್ ಹೊಡೆದಂಥ ನೋವು ಅಂದರೆ ಚರ್ಮದ ನೋವೂ ಇರಬಹುದು, ಕತ್ತರಿಸಿದ ನರದ ತುದಿ ಗಂಟುಕಟ್ಟಿದ ನ್ಯೂರೋಮಾ ಕೂಡ ಇರಬಹುದು. ಎರಡಕ್ಕೂ ದಾರಿ ಬೇರೆ. ಕಲೆಯೇ ನೋಯುತ್ತಿದ್ದರೆ ಕೋಡ್ 7804: ಒಂದೋ ಎರಡೋ ನೋವಿನ ಕಲೆಗೆ 10, ಮೂರು ನಾಲ್ಕಕ್ಕೆ 20, ಐದು ಮತ್ತು ಮೇಲೆ 30. ಬೆರಳು ಹೋದದ್ದಕ್ಕೂ ಕಲೆ ನೋಯುವುದಕ್ಕೂ ಲಕ್ಷಣ ಬೇರೆಯಾದರೆ ಎರಡಕ್ಕೂ ಪ್ರತ್ಯೇಕ ರೇಟಿಂಗ್ ಕೊಡಬಹುದು ಎಂಬುದಕ್ಕೆ ಎಸ್ಟೆಬಾನ್ ವರ್ಸಸ್ ಬ್ರೌನ್ ಎಂಬ 1994ರ ತೀರ್ಪು ಆಧಾರ. ನ್ಯೂರೋಮಾ ಆದರೆ ಅದೇ ನಿಯಮಾವಳಿಯ 4.68ರಲ್ಲಿ ಒಂದು ಸಾಲಿದೆ: ಮೋಟಿನಲ್ಲಿ ನೋವಿನ ನ್ಯೂರೋಮಾ ಇದ್ದರೆ, ಮತ್ತೆ ಕತ್ತರಿಸಬೇಕಾದಲ್ಲಿ ಸರ್ಜನ್ ಆರಿಸುವ ಮಟ್ಟದ ರೇಟಿಂಗ್ ಕೊಡಬೇಕು. ಬಹಳ ಜನಕ್ಕೆ ಈ ಸಾಲು ಗೊತ್ತೇ ಇಲ್ಲ. ಕೈ ಸರ್ಜನ್ "ಇದನ್ನು ಸರಿಮಾಡಲು ಪಿಐಪಿಗೆ ತರಬೇಕಾಗುತ್ತದೆ" ಎಂದು ಬರೆದರೆ ನಡುಬೆರಳೂ ಪೂರ್ಣ ಛೇದದ ದರ್ಜೆಗೇ ಬರುತ್ತದೆ, ಟಿಪ್ಪಣಿ ಇ ಯ ವಾದವೇ ಬೇಕಾಗುವುದಿಲ್ಲ. ಒಂದೇ ನೋವನ್ನು ಕಲೆ ಅಂತಲೂ ನ್ಯೂರೋಮಾ ಅಂತಲೂ ಎರಡು ಕಡೆ ಕೇಳುವಂತಿಲ್ಲ, 4.14 ಅದನ್ನು ತಡೆಯುತ್ತದೆ. ಯಾವುದು ಎಂದು ಮೊದಲು ಡಾಕ್ಟರ ಹತ್ತಿರ ಖಚಿತ ಮಾಡಿಸಿ.

ಕಲೆಯ 10 ಸಿಕ್ಕರೆ ಲೆಕ್ಕ ಸ್ವಾರಸ್ಯವಾಗುತ್ತದೆ. ವಿಎ 40 ಮತ್ತು 10ನ್ನು ಕೂಡಿ 50 ಎನ್ನುವುದಿಲ್ಲ: ನೂರರಲ್ಲಿ 40 ಹೋಗಿ ಉಳಿದ 60ರಲ್ಲಿ ಹತ್ತನೇ ಒಂದು 6, ಒಟ್ಟು 46, ಹತ್ತಿರದ ಹತ್ತಕ್ಕೆ ಏರಿಸಿ 50. ಏಜೆಂಟರ ದಾರಿಯಲ್ಲಿ 20 ಮತ್ತು 10 ಆದರೆ 28, ಅಂದರೆ 30. ಐವತ್ತಕ್ಕೆ ಮೇಲೆ ಹೇಳಿದ ವರ್ಷದ ದರದಲ್ಲಿ 1,102.04 ಡಾಲರ್. ವಿಎ ಆಸ್ಪತ್ರೆಯಲ್ಲಿ 30, 40ರವರು ಎರಡನೇ ಆದ್ಯತೆ ಗುಂಪು, 50 ಆದರೆ ಮೊದಲನೆಯದು. ಟೆಕ್ಸಾಸ್‌ನಲ್ಲಿ ಮನೆ ಇದ್ದರೆ ಆಸ್ತಿ ತೆರಿಗೆಯ ಮೌಲ್ಯದಲ್ಲಿ 30ರಿಂದ 49ರವರೆಗೆ 7,500 ಡಾಲರ್, 50ರಿಂದ 69ಕ್ಕೆ 10,000 ಡಾಲರ್ ಕಡಿತ ಸಿಗುತ್ತದೆ. ದೊಡ್ಡದೇನಲ್ಲ, ಆದರೂ ಬಿಡುವುದೇಕೆ.

ಕೊಡಗು ಟು ಕೊಲರಾಡೋ

ಉಂಗುರ ಬೆರಳನ್ನು ಸೇರಿಸುವ ವಿಚಾರ ಬೇಡ ಅನ್ನುತ್ತೇನೆ. ಮೂರು ಬೆರಳಿನ ಕೋಡ್ 5138ಕ್ಕೆ 50 ಬರುವುದು ಮೂರೂ ತುಂಡಾಗಿದ್ದರೆ. ನಿಮ್ಮ ತಮ್ಮನ ಉಂಗುರ ಬೆರಳು ಅಲ್ಲಾಡುತ್ತದೆ, ಪೂರ್ತಿ ಮಡಚುವುದಿಲ್ಲ ಅಷ್ಟೆ. ಅದು ಕೋಡ್ 5230: ಉಂಗುರ ಅಥವಾ ಕಿರುಬೆರಳಿನ ಚಲನೆ ಎಷ್ಟೇ ಕಡಿಮೆಯಾದರೂ 0 ಪರ್ಸೆಂಟ್. ನೋವಿದ್ದರೆ ಕನಿಷ್ಠ 10 ಕೊಡಬೇಕು ಎನ್ನುವ 4.59ನ್ನು ಹಿಡಿದು ವಾದಿಸುವವರಿದ್ದಾರೆ. ಸೋವರ್ಸ್ ವರ್ಸಸ್ ಮೆಕ್‌ಡೊನಾಲ್ಡ್ ಪ್ರಕರಣದಲ್ಲಿ 2016ರಲ್ಲಿ ವೆಟರನ್ಸ್ ಕೋರ್ಟ್ ಇದೇ ಉಂಗುರ ಬೆರಳಿನ ಪ್ರಶ್ನೆಯನ್ನೇ ತೀರ್ಮಾನಿಸಿತು: ಆ ಕೋಡಿನಲ್ಲಿ ಸೊನ್ನೆ ಬಿಟ್ಟು ಬೇರೆ ದರವೇ ಇಲ್ಲವಾದ್ದರಿಂದ 4.59 ಅಲ್ಲಿ ಹತ್ತನ್ನು ತಂದುಕೊಡದು.

ಇನ್ನೊಂದು ಅಪಾಯ. ಟಿಪ್ಪಣಿ ಇ ಯಲ್ಲಿ "ಮೇಲಿನ ದರ್ಜೆ ಆರಿಸಿ" ಎನ್ನುವ ಸಾಲು ಬೆರಳುಗಳು ಸಮಸಂಖ್ಯೆಯಲ್ಲಿದ್ದರೆ ಮಾತ್ರ. ನೀವೇ ಉಂಗುರ ಬೆರಳನ್ನು ಗುಂಪಿಗೆ ಸೇರಿಸಿದರೆ ಮೂರಾಯಿತು, ಆಗ ಯಾವುದು "ಹೆಚ್ಚು ಪ್ರತಿನಿಧಿ" ಎಂದು ನಿರ್ಧರಿಸುವುದು ರೇಟರ್ (ರೇಟಿಂಗ್ ಹಾಕುವ ವಿಎ ಅಧಿಕಾರಿ) ಕೈಯಲ್ಲಿ. ಗಟ್ಟಿ ನೆಲ ಬಿಟ್ಟು ಕೆಸರಿಗೆ ಇಳಿದ ಹಾಗೆ. ಹಾಗಂತ ಕ್ಲೇಮಿನಲ್ಲಿ ಬರೆಯದೇ ಬಿಡಬೇಡಿ: ಬೇರೆ ಸಾಲಿನಲ್ಲಿ "ಬಲ ಉಂಗುರ ಬೆರಳಿನ ಚಲನೆ ಕಡಿಮೆ" ಎಂದು ಹಾಕಿ. ಸೊನ್ನೆ ಪರ್ಸೆಂಟ್‌ನಲ್ಲಿ ಸರ್ವಿಸ್ ಕನೆಕ್ಟೆಡ್ (ಸೇವೆಯಿಂದಲೇ ಆದದ್ದು ಎಂಬ ಮಾನ್ಯತೆ) ಆದರೂ ಲಾಭವೇ. ಮುಂದೆ ಅದು ಪೂರ್ತಿ ಸೆಟೆದುಕೊಂಡರೆ ಏರಿಕೆ ಕೇಳಲು ಬಾಗಿಲು ತೆರೆದಿರುತ್ತದೆ, ಚಿಕಿತ್ಸೆಯೂ ಸಿಗುತ್ತದೆ.

ಕೆಲವರು ಎಸ್‌ಎಂಸಿ-ಕೆ ಕೇಳಿ ಅನ್ನುತ್ತಾರೆ. ಅದು ತಿಂಗಳಿಗೆ ಸಿಗುವ ವಿಶೇಷ ಭತ್ಯೆ, ಕೈಯೇ ಹೋದವರಿಗೆ, ಅಥವಾ ಉಳಿದ ಕೈಗಿಂತ ಮೊಣಕೈ ಕೆಳಗಿನ ಮೋಟಿಗೆ ಕೃತಕ ಕೈ ಹಾಕಿದರೂ ಅಷ್ಟೇ ಕೆಲಸ ಆಗುತ್ತದೆ ಎನ್ನುವ ಸ್ಥಿತಿಯವರಿಗೆ. ಹಿಡಿಯುವುದು, ಸಣ್ಣ ವಸ್ತು ತಿರುಗಿಸುವುದು ಆಗುತ್ತದೆಯಾ ಎಂದು ನೋಡುತ್ತಾರೆ. ಹೆಬ್ಬೆರಳು ಸರಿಯಾಗಿದ್ದು ಉಂಗುರ, ಕಿರುಬೆರಳುಗಳ ಜೊತೆ ಹಿಡಿತ ಇದ್ದರೆ ಸಿಗದು. ಸಿಗುವವರಿಗೆ ಅದು ರೇಟಿಂಗ್ ಹಣದ ಮೇಲೆ ಪ್ರತ್ಯೇಕ ಸೇರುವ ಮೊತ್ತ, ಮೇಲೆ ಹೇಳಿದ ವರ್ಷದ ದರದಲ್ಲಿ 136.06 ಡಾಲರ್. ಹಾಗೆಯೇ 4.68ರ ಮಿತಿಯೂ ನೆನಪಿರಲಿ: ಒಂದೇ ಅಂಗದ ರೇಟಿಂಗ್‌ಗಳೆಲ್ಲ ಸೇರಿ ಆ ಅಂಗವನ್ನೇ ಕತ್ತರಿಸಿದ್ದರೆ ಸಿಗುವುದನ್ನು ಮೀರುವಂತಿಲ್ಲ. ಮುಂದೋಳಿನ ನಡುವಿಗಿಂತ ಕೆಳಗಿನ ಛೇದಕ್ಕೆ ರೂಢಿಯ ಕೈಯಾದರೆ 70. ನಿಮ್ಮದು ಅದರ ಹತ್ತಿರವೂ ಇಲ್ಲ, ಚಿಂತೆ ಬೇಡ.

ಯಾರೂ ಎತ್ತದ ಒಂದು ವಿಷಯ ಟಿಎಸ್‌ಜಿಎಲ್‌ಐ. ಇದು ವಿಎ ಪಿಂಚಣಿಯಲ್ಲ, ಸೇವೆಯಲ್ಲಿದ್ದಾಗಿನ ಎಸ್‌ಜಿಎಲ್‌ಐ ಜೀವವಿಮೆಯ ಜೊತೆ ತಾನಾಗಿ ಬರುವ ಅಪಘಾತ ವಿಮೆ. ಯುದ್ಧದಲ್ಲೇ ಗಾಯ ಆಗಿರಬೇಕೆಂದಿಲ್ಲ. ಹೆಬ್ಬೆರಳೊಂದೇ ಹೋಗಿದ್ದರೆ, ಅಥವಾ ಒಂದೇ ಕೈಯ ನಾಲ್ಕು ಬೆರಳು ಹೋಗಿದ್ದರೆ 50,000 ಡಾಲರ್. ಎರಡು ಬೆರಳಿಗೆ ಆ ಸಾಲು ಹೊಂದದು. ಆದರೆ ಉಣ್ಣುವುದು, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರ ಹಿಡಿತ, ಈ ಆರರಲ್ಲಿ ಎರಡನ್ನು ಸತತ 30 ದಿನ ಬೇರೆಯವರ ಸಹಾಯವಿಲ್ಲದೆ ಮಾಡಲಾಗದಿದ್ದರೆ 25,000, 60 ದಿನಕ್ಕೆ 50,000. ಬಲಗೈಗೆ ಕಟ್ಟು ಹಾಕಿದ್ದ ಕಾಲದ ಆಕ್ಯುಪೇಷನಲ್ ಥೆರಪಿ ಟಿಪ್ಪಣಿಗಳಲ್ಲಿ ಸ್ನಾನಕ್ಕೆ, ಬಟ್ಟೆಗೆ ಸಹಾಯ ಬೇಕಿತ್ತು ಎಂದು ಬರೆದಿದೆಯಾ ನೋಡಿ. ಇದ್ದರೆ ಎಸ್‌ಜಿಎಲ್‌ವಿ 8600 ಫಾರ್ಮ್ ತುಂಬಿ, ಡಾಕ್ಟರ ಭಾಗ ಅವರಿಂದಲೇ ಬರೆಸಿ, ಆರ್ಮಿಯ ಟಿಎಸ್‌ಜಿಎಲ್‌ಐ ವಿಭಾಗಕ್ಕೆ ಕಳಿಸಿ. "ಕಷ್ಟವಾಗುತ್ತಿತ್ತು" ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಯಾವ ಕೆಲಸ, ಯಾವ ದಿನದಿಂದ ಯಾವ ದಿನದವರೆಗೆ, ಯಾರು ಸಹಾಯ ಮಾಡಿದರು ಎಂದು ಇರಬೇಕು.

ಫೈಲ್ ಪಂಡಿತ

ಫೀಸಿನ ಮಾತು ಹೇಳಿಬಿಡುತ್ತೇನೆ. ಮೊದಲ ಕ್ಲೇಮು ತಯಾರಿಸಿ ಹಾಕಿಕೊಡಲು ಯಾರೂ ಹಣ ಪಡೆಯುವಂತಿಲ್ಲ. ವಿಎ ಮಾನ್ಯತೆ ಪಡೆದ ವಕೀಲರು ಕೂಡ ಮೊದಲ ನಿರ್ಧಾರ ಬಂದ ನಂತರದ ಕೆಲಸಕ್ಕೆ ಮಾತ್ರ ಫೀಸು ಕೇಳಬಹುದು. ಆಗಲೂ ಬಾಕಿ ಹಣದ 20 ಪರ್ಸೆಂಟ್‌ವರೆಗೆ ನ್ಯಾಯವೆಂದು, ಮೂರನೇ ಒಂದಕ್ಕಿಂತ ಹೆಚ್ಚಾದರೆ ಅನ್ಯಾಯವೆಂದು ಎಣಿಕೆ. "ಮುಂದಿನ ಐದು ತಿಂಗಳ ಹಣ" ಎನ್ನುವವರ ಹೆಸರನ್ನು ವಿಎ ಜನರಲ್ ಕೌನ್ಸೆಲ್ ಕಚೇರಿಯ ಮಾನ್ಯತೆ ಪಟ್ಟಿಯಲ್ಲಿ ಹುಡುಕಿ, ಇಲ್ಲದಿದ್ದರೆ ಅಲ್ಲಿಗೇ ಮಾತು ಮುಗಿಸಿ. ಡಿಎವಿ, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯು, ಟೆಕ್ಸಾಸ್ ವೆಟರನ್ಸ್ ಕಮಿಷನ್, ನಿಮ್ಮ ಕೌಂಟಿಯ ವೆಟರನ್ಸ್ ಸರ್ವಿಸ್ ಆಫೀಸರ್, ಈ ಮಾಜಿ ಸೈನಿಕರ ಸಂಘ, ಕಚೇರಿಗಳವರೆಲ್ಲ ಬಿಟ್ಟಿ ಮಾಡಿಕೊಡುತ್ತಾರೆ. ಅವರನ್ನು ಪ್ರತಿನಿಧಿಯಾಗಿ ನೇಮಿಸುವ ಫಾರ್ಮ್ 21-22 ಸಹಿ ಹಾಕಿದರೆ ಸಾಕು.

ಈಗಲೇ, ಕಾಗದ ಜೋಡಿಸುವ ಮೊದಲೇ, ಇಂಟೆಂಟ್ ಟು ಫೈಲ್ (ಕ್ಲೇಮು ಹಾಕುತ್ತೇನೆಂಬ ಮುಂಸೂಚನೆ) ಹಾಕಿಸಿ. ಫಾರ್ಮ್ 21-0966, ಅಥವಾ ವಿಎ ವೆಬ್‌ಸೈಟಿನಲ್ಲಿ ಕ್ಲೇಮು ಶುರುಮಾಡಿದರೂ ಆಗುತ್ತದೆ, ಫೋನಿನಲ್ಲಿ ಹೇಳಿದರೂ ಆಗುತ್ತದೆ. ಅದು ತಾರೀಖನ್ನು ಒಂದು ವರ್ಷ ಹಿಡಿದಿಡುತ್ತದೆ. ಬಿಡುಗಡೆಯಾದ ವರ್ಷದೊಳಗೆ ಇದು ದಾಖಲಾಗಿ, ಅದರ ಅವಧಿಯೊಳಗೆ ಪೂರ್ತಿ ಕ್ಲೇಮು 21-526ಇಝಡ್ ಹೋದರೆ ರೇಟಿಂಗ್ ಬಿಡುಗಡೆಯ ಮರುದಿನದಿಂದಲೇ ಲೆಕ್ಕ. ಒಂದು ದಿನ ತಡವಾದರೂ ಹಿಂದಿನ ತಿಂಗಳುಗಳೆಲ್ಲ ಹೋದವು. ಹಣ ಮಾತ್ರ ಜಾರಿ ತಾರೀಖಿನ ಮುಂದಿನ ತಿಂಗಳ ಒಂದರಿಂದ ಎಣಿಕೆಯಾಗುತ್ತದೆ, ಅದು ನಿಯಮ.

ಕ್ಲೇಮಿನಲ್ಲಿ "ಕೈ ಗಾಯ" ಎಂದು ಒಂದೇ ಸಾಲು ಬರೆಯಬೇಡಿ. "ಬಲ, ರೂಢಿಯ ಕೈ, ತೋರುಬೆರಳು ಮತ್ತು ನಡುಬೆರಳು ಛೇದ" ಒಂದು ಸಾಲು, ನೋವಿನ ಕಲೆ ಅಥವಾ ನ್ಯೂರೋಮಾ ಇನ್ನೊಂದು, ಉಂಗುರ ಬೆರಳು ಮತ್ತೊಂದು. ಗಾಯದ ನಂತರ ಮನಸ್ಸಿಗೆ ತೊಂದರೆಯಾಗಿ ಚಿಕಿತ್ಸೆ ಪಡೆಯುತ್ತಿದ್ದರೆ ಅದನ್ನು ಸೆಕೆಂಡರಿ (ಗಾಯದಿಂದ ಹುಟ್ಟಿದ ಇನ್ನೊಂದು ತೊಂದರೆ) ಎಂದು ಸೇರಿಸಿ. ಜೊತೆಗೆ ಒಂದು ಪುಟದ ಚೀಟಿ ಇಡಿ: ಯಾವ ಬೆರಳು ಯಾವ ಮೂಳೆಯಲ್ಲಿ, ಆಪರೇಷನ್ ವರದಿಯ ತಾರೀಖು, ಟಿಪ್ಪಣಿ ಇ, ಕೋಡ್ 5146. ಅಷ್ಟೇ, ಭಾಷಣ ಬೇಡ. ರೇಟರ್ ಹತ್ತಿರ ಸಮಯ ಕಡಿಮೆ.

ಆಮೇಲೆ ಸಿ ಆಂಡ್ ಪಿ (ಕ್ಲೇಮಿಗಾಗಿ ವಿಎ ಮಾಡಿಸುವ ವೈದ್ಯಕೀಯ) ಪರೀಕ್ಷೆಗೆ ಕರೆ ಬರುತ್ತದೆ, ಸಾಮಾನ್ಯವಾಗಿ ಗುತ್ತಿಗೆ ಕಂಪನಿಯ ಡಾಕ್ಟರು. ಹೋಗದಿದ್ದರೆ ಇರುವ ಕಾಗದದ ಮೇಲೆಯೇ ನಿರ್ಧಾರ ಆಗಿಬಿಡುತ್ತದೆ. ಅಲ್ಲಿ ಎರಡು ಪ್ರಶ್ನಾವಳಿ ತುಂಬಬೇಕಾಗಬಹುದು: ಒಂದು ಕೈ ಮತ್ತು ಬೆರಳು, ಇನ್ನೊಂದು ಆಂಪ್ಯುಟೇಷನ್. ಮೊದಲನೆಯದಷ್ಟೇ ತುಂಬಿದರೆ ಚಲನೆಯ ಡಿಗ್ರಿಗಳು ಸಿಗುತ್ತವೆ, ಮೂಳೆಯ ಮಟ್ಟ ಬರುವುದಿಲ್ಲ, ರೇಟರ್ ಸೆಟೆತದ ಕೋಡಿಗೆ ಇಳಿಯಲು ಇದೇ ಕಾರಣ. ಪರೀಕ್ಷೆಯಲ್ಲಿ ವಿನಯವಾಗಿ ಕೇಳಿ: "ಮಟ್ಟ ಎಲ್ಲಿ ಎಂದು ಬರೆದಿದ್ದೀರಾ?" ಎಕ್ಸ್-ರೇ ಪ್ರತಿ ಕೈಯಲ್ಲಿರಲಿ.

ರೂಢಿಯ ಕೈ ಯಾವುದು ಎಂಬ ಖಾನೆಯೂ ಹತ್ತು ಪರ್ಸೆಂಟಿನ ಪ್ರಶ್ನೆ. ಈಗ ಎಡಗೈಯಲ್ಲಿ ಸಹಿ ಹಾಕುವುದನ್ನು ನೋಡಿ "ಎಡ" ಎಂದು ಗುರುತು ಹಾಕಿಬಿಡುತ್ತಾರೆ. 4.69ರ ಪ್ರಕಾರ ಅದನ್ನು ದಾಖಲೆಯಿಂದ ಅಥವಾ ಪರೀಕ್ಷೆಯಿಂದ ತೀರ್ಮಾನಿಸಬೇಕು; ಎರಡೂ ಕೈ ಸಮನಾಗಿ ಬಳಸುವವರಾಗಿದ್ದರೆ ಗಾಯವಾದ ಕೈಯನ್ನೇ ರೂಢಿಯ ಕೈ ಎಂದು ಹಿಡಿಯಬೇಕು. ಕೈ ಸರ್ಜನ್‌ಗಳ, ಥೆರಪಿಸ್ಟ್‌ಗಳ ಟಿಪ್ಪಣಿಗಳಲ್ಲಿ ರೂಢಿಯ ಕೈ ಯಾವುದೆಂದು ಆರಂಭದಲ್ಲೇ ಬರೆದಿರುತ್ತಾರೆ, ಆ ಪುಟಕ್ಕೆ ಗುರುತು ಹಾಕಿ.

ನಿರ್ಧಾರದ ಪತ್ರ ಬಂದಾಗ ಶೇಕಡಾವಾರು ನೋಡಿ ಸುಮ್ಮನಾಗಬೇಡಿ. ಯಾವ ಕೋಡ್ ಹಾಕಿದ್ದಾರೆ ಎನ್ನುವುದು ಕೋಡ್‌ಶೀಟಿನಲ್ಲಿರುತ್ತದೆ. 21-22 ಕೊಟ್ಟ ಸಂಸ್ಥೆಯವರಿಗೆ ಅದು ಕಂಪ್ಯೂಟರಿನಲ್ಲೇ ಕಾಣುತ್ತದೆ. ನೀವೇ ತರಿಸಬೇಕಾದರೆ ಫಾರ್ಮ್ 20-10206. 5146 ಬದಲು 5153 (ತೋರುಬೆರಳೊಂದರ ಕೋಡ್) ಅಥವಾ 5219 ಇದ್ದರೆ ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ದಾರಿ ಆರಿಸಿ. ಫೈಲಿನಲ್ಲಿ ಮಟ್ಟದ ದಾಖಲೆ ಇದ್ದೂ ನಿಯಮ ತಪ್ಪಾಗಿದ್ದರೆ ಹೈಯರ್ ಲೆವೆಲ್ ರಿವ್ಯೂ, ಫಾರ್ಮ್ 20-0996. ಹೊಸ ಕಾಗದ ಸೇರಿಸಲಾಗದು, ಆದರೆ ಒಂದು ಸಲ ಫೋನಿನಲ್ಲಿ ತಪ್ಪನ್ನು ತೋರಿಸಿ ಮಾತಾಡಬಹುದು, ಅದನ್ನು ಕೇಳಿಕೊಳ್ಳಿ. ದಾಖಲೆಯೇ ಇರಲಿಲ್ಲವಾದರೆ ಹೊಸ ಎಕ್ಸ್-ರೇ ಜೊತೆ ಸಪ್ಲಿಮೆಂಟಲ್ ಕ್ಲೇಮು, 20-0995. ಮೇಲ್ಮನವಿ ಬೋರ್ಡಿಗೆ ಹೋಗುವುದು ಫಾರ್ಮ್ 10182ರಲ್ಲಿ, ಅಲ್ಲಿ ಕಾಯುವ ಕಾಲ ಹೆಚ್ಚು, ನಿಯಮ ಇಷ್ಟು ಸ್ಪಷ್ಟವಿರುವಾಗ ಮೊದಲೇ ಅಲ್ಲಿಗೆ ಓಡುವುದರಲ್ಲಿ ಅರ್ಥವಿಲ್ಲ. ವರ್ಷ ಮೀರಿದರೆ ಹಳೆಯ ತಾರೀಖು ಉಳಿಸಿಕೊಳ್ಳಲು ಕ್ಲಿಯರ್ ಆಂಡ್ ಅನ್‌ಮಿಸ್ಟೇಕಬಲ್ ಎರರ್ (ವಾದಕ್ಕೇ ಎಡೆಯಿಲ್ಲದ ಸ್ಪಷ್ಟ ತಪ್ಪು) ಎಂದು ಸಾಬೀತು ಮಾಡಬೇಕು, ಅದು ಕಡಿದಾದ ಏರು.

ಕೆಲಸ ಬದಲಿಸಬೇಕಾಗಿ ಬಂದಿದ್ದರೆ ವಿಎಯ ಉದ್ಯೋಗ ಪುನರ್ವಸತಿ ಯೋಜನೆ ಚಾಪ್ಟರ್ 31 ಕೂಡ ನೋಡಿ, ಫಾರ್ಮ್ 28-1900. 20 ಪರ್ಸೆಂಟ್ ಇದ್ದು ಉದ್ಯೋಗಕ್ಕೆ ಅಡ್ಡಿಯಿದೆ ಎಂದು ತೋರಿಸಿದರೆ ಕಾಲೇಜು, ತರಬೇತಿ, ಉಪಕರಣ ಎಲ್ಲ ಕೊಡುತ್ತಾರೆ.

ಹಾಸನದಕ್ಕ, ಡಲ್ಲಾಸ್

ಇಂಟೆಂಟ್ ಟು ಫೈಲ್ ಈವತ್ತೇ ಹಾಕಿಸುತ್ತೇವೆ. ಕೊನೆಯದಾಗಿ ಎರಡು: ಅವನು ಚಿಕ್ಕಂದಿನಿಂದ ಬಲಗೈಯವನು ಎಂದು ಊರಿನಲ್ಲಿರುವ ಅಮ್ಮ ಬರೆದುಕೊಟ್ಟರೆ ನಡೆಯುತ್ತದಾ? ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮುಂದೆ ಅವನು ಬೆಂಗಳೂರಿಗೆ ಬಂದು ನೆಲೆಸಿದರೆ ಹಣ ನಿಲ್ಲುತ್ತದಾ?

ಫೈಲ್ ಪಂಡಿತ

ನಡೆಯುತ್ತದೆ, ಫಾರ್ಮ್ 21-10210 ಇರುವುದೇ ಅದಕ್ಕೆ. ಅಮ್ಮ ಕನ್ನಡದಲ್ಲೇ ಬರೆದು ಸಹಿ ಹಾಕಲಿ. ಅದರ ಇಂಗ್ಲಿಷ್ ಅನುವಾದ ಮಾಡಿಸಿ, ಎರಡೂ ಭಾಷೆ ಬಲ್ಲ ಬೇರೊಬ್ಬರು "ಇದು ನಿಜವಾದ ಅನುವಾದ" ಎಂದು ಹೆಸರು, ತಾರೀಖು ಹಾಕಿ ಸಹಿ ಮಾಡಿ ಲಗತ್ತಿಸಲಿ. "ನನ್ನ ಮಗ ಒಳ್ಳೆಯವನು" ಎಂಬ ಸಾಲು ಬೇಡ. ಬರೆಯುವುದು, ಉಣ್ಣುವುದು, ಚೆಂಡು ಎಸೆಯುವುದು ಯಾವ ಕೈಯಲ್ಲಿ ಎಂದಷ್ಟೇ ಇರಲಿ.

ಕೊಡಗು ಟು ಕೊಲರಾಡೋ

ಭಾರತಕ್ಕೆ ಬಂದರೂ ಡಿಸೆಬಿಲಿಟಿ ಹಣ ನಿಲ್ಲುವುದಿಲ್ಲ. ವಿಳಾಸ ಬದಲಾದದ್ದನ್ನು ತಿಳಿಸಲೇಬೇಕು, ಮರುಪರೀಕ್ಷೆಯ ಪತ್ರ ಹಳೆಯ ಮನೆಗೆ ಹೋಗಿ ತಪ್ಪಿದರೆ ರೇಟಿಂಗ್‌ಗೇ ಕುತ್ತು. ಹೊರಡುವ ಮೊದಲು ಫಾರಿನ್ ಮೆಡಿಕಲ್ ಪ್ರೋಗ್ರಾಂಗೆ 10-7959ಎಫ್-1ರಲ್ಲಿ ನೋಂದಾಯಿಸಿಕೊಳ್ಳಿ. ಸರ್ವಿಸ್ ಕನೆಕ್ಟೆಡ್ ಆದ ತೊಂದರೆಗಳ ಚಿಕಿತ್ಸೆಗೆ ಮಾತ್ರ ಅದು ಹಣ ಕೊಡುತ್ತದೆ, ಬಿಲ್ಲು ಕಳಿಸುವುದು 10-7959ಎಫ್-2ರಲ್ಲಿ. ಉಂಗುರ ಬೆರಳು ಸೊನ್ನೆಯಾದರೂ ಬರೆಸಿ ಎಂದದ್ದು ಇದಕ್ಕೂ ಸೇರಿಸಿಯೇ. ಸೇವೆಯ ಬಿಡುಗಡೆ ಪತ್ರ ಡಿಡಿ-214ರ ಮೆಂಬರ್-4 ಪ್ರತಿ, ಆಪರೇಷನ್ ವರದಿ, ನಿರ್ಧಾರದ ಪತ್ರ ಮೂರನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡೇ ವಿಮಾನ ಹತ್ತಲಿ.